ತಮ್ಮನ ಕಸಿಗೆ ಮುಂಚೆ ಗೋಡೆ ಕೆರೆದ ವಿಷಯ

ಇದನ್ನು ಓದುವ ಹಿರಿಯರಿಗೂ ಕಿರಿಯರಿಗೂ ವಂದನೆಗಳು.

ಮೊದಲನೆಯದಾಗಿ ಕ್ಷಮೆ ಕೋರುತ್ತೇನೆ. ನನ್ನ ಕೈಬರಹ ಚೆನ್ನಾಗಿಲ್ಲ. ನಾಲ್ಕು ವರ್ಷಗಳಿಂದ ಸಿದ್ದಾಪುರ ತಾಲೂಕಿನ ಒಂದು ಗ್ರಾಮ ಪಂಚಾಯತಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಪತ್ರ, ಠರಾವು, ಸಭಾ ನಡವಳಿ ಟೈಪು ಮಾಡುತ್ತ ಬಂದಿರುವುದರಿಂದ ಪೆನ್ನು ಹಿಡಿಯುವ ರೂಢಿ ತಪ್ಪಿದೆ. ಅಕ್ಷರಗಳು ಗೆರೆಯ ಮೇಲೆ ನಿಲ್ಲುವುದಿಲ್ಲ. ಕಾಗುಣಿತದಲ್ಲಿಯೂ ದೋಷಗಳಿರುತ್ತವೆ, ಅದರಲ್ಲೂ ಕಾಯಿಲೆಯ ಮತ್ತು ಔಷಧಿಗಳ ಹೆಸರುಗಳನ್ನು ನಾನು ಕೇಳಿ ಕಲಿತವಳೇ ಹೊರತು ಓದಿ ಕಲಿತವಳಲ್ಲ. ಕಚೇರಿಯ ಯಂತ್ರದಲ್ಲಿ ಸ್ವಂತ ವಿಷಯ ಬರೆಯುವುದು ನಿಯಮಕ್ಕೆ ಸರಿಯಲ್ಲವಾದ್ದರಿಂದ ನೂರು ಪುಟದ ನೋಟ್‌ಬುಕ್ ತಂದು ಬರೆಯುತ್ತಿದ್ದೇನೆ. ಪತ್ರ ಬಿಟ್ಟು ಬೇರೆ ಏನನ್ನೂ ಈವರೆಗೆ ಬರೆದವಳಲ್ಲದ ಕಾರಣ, ಇದನ್ನೂ ಪತ್ರದ ಕ್ರಮದಲ್ಲಿಯೇ ಬರೆಯಲು ತಾವು ಅನುಮತಿಸಬೇಕು.

ವಿಷಯ: ನನ್ನ ತಮ್ಮನಿಗೆ ಹುಟ್ಟಿನಿಂದ ಇದ್ದ ರೋಗನಿರೋಧಕ ಶಕ್ತಿಯ ದೋಷ, ಅದಕ್ಕೆ ಗೊತ್ತುಪಡಿಸಿದ್ದ ಸ್ಟೆಮ್ ಸೆಲ್ ಕಸಿ, ಹಾಗೂ ಸದರಿ ಕಸಿಗಾಗಿ ನಮ್ಮ ಮನೆಯಲ್ಲಿ ಮಾಡಿಕೊಂಡ ತಯಾರಿಯ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಮೊದಲು ನಮ್ಮ ಮನೆಯವರನ್ನು ಪರಿಚಯಿಸುತ್ತೇನೆ. ನನ್ನ ಅಪ್ಪ ಕೊನೆಗೌಡ. ಬೇರೆ ಕಡೆಯ ಓದುಗರಿಗಾಗಿ ತಿಳಿಸುವುದೇನೆಂದರೆ, ತೋಟದವರ ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊಂಚಲು, ಇಳಿಸುವವರನ್ನು ನಮ್ಮ ಸೀಮೆಯಲ್ಲಿ ಹಾಗೆ ಕರೆಯುತ್ತಾರೆ. ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಮದ್ದು ಹೊಡೆಯುವವರೂ ಅವರೇ. ನಮಗೆ ಸ್ವಂತ ತೋಟವಿಲ್ಲ. ಹೆಗ್ಗರಣೆಗೆ ಹೋಗುವ ದಾರಿಯ ಮಗ್ಗುಲಲ್ಲಿ ಮೂರು ಕೋಣೆಯ ಮನೆಯಿದೆ. ಅವ್ವ ಯಲ್ಲಾಪುರ ಕಡೆಯವಳು. ನಾನು ಹಿರಿಯ ಮಗಳು. ನನ್ನ ಬೆನ್ನಿಗೆ ಹುಟ್ಟಿದ ಗಂಡು ಮಗು ಹದಿನಾಲ್ಕು ತಿಂಗಳಿಗೆ ಜ್ವರ ಬಂದು ತೀರಿಕೊಂಡಿತು. ಅದಾಗಿ ಬಹಳ ವರ್ಷಗಳ ಮೇಲೆ, ನಾನು ಎಂಟನೆಯ ತರಗತಿಯಲ್ಲಿದ್ದಾಗ, ಈ ತಮ್ಮ ಹುಟ್ಟಿದ.

ಹುಟ್ಟಿದಾಗ ತೋಳಿಗೆ ಹಾಕಿದ ಲಸಿಕೆಯ ಗಾಯ ಇವನಿಗೆ ಎಂಟು ತಿಂಗಳಾದರೂ ಮಾಯಲಿಲ್ಲ. ಬಳಿಕ ಕುತ್ತಿಗೆಯಲ್ಲಿ ಗಂಟು, ಕಂಕುಳಲ್ಲಿ ಕುರು, ಒಮ್ಮೆ ಯಕೃತ್ತಿನಲ್ಲಿಯೂ ಕೀವು. ಶಿರಸಿಯ ಆಸ್ಪತ್ರೆಗೆ ನಾವು ಎಷ್ಟು ಸಲ ಹೋಗಿದ್ದೇವೆಂದರೆ, ಬಸ್ಸಿನ ಕಂಡಕ್ಟರ್ ಕೇಳದೆಯೇ ಎರಡೂವರೆ ಟಿಕೆಟು ಹರಿಯುತ್ತಿದ್ದರು. ಕ್ಷಯವಿರಬಹುದೆಂದು ಎರಡು ಬಾರಿ ಆರಾರು ತಿಂಗಳು ಮಾತ್ರೆ ನುಂಗಿಸಿದ್ದಾಯಿತು. ಕಡಿಮೆಯಾದಂತೆ ಕಂಡು ಮತ್ತೆ ಬರುತ್ತಿತ್ತು. ಅವನಿಗೆ ಒಂಬತ್ತು ವರ್ಷವಾದಾಗ ಶ್ವಾಸಕೋಶದಲ್ಲಿ ಗಂಟು ಕಾಣಿಸಿ, ಸೂಜಿ ಹಾಕಿ ತೆಗೆದು ನೋಡಿದಾಗ ಅದು ಕ್ಷಯವಲ್ಲ, ಶಿಲೀಂಧ್ರ ಎಂದು ವರದಿ ಬಂತು. ಅಂದರೆ ಹಳೆಯ ರೊಟ್ಟಿಯ ಮೇಲೆ, ಒದ್ದೆ ಗೋಡೆಯ ಮೇಲೆ ಏಳುವ ಬೂಷ್ಟು. ಅದು ಮನುಷ್ಯನ ಎದೆಯೊಳಗೆ ಬೆಳೆಯುತ್ತದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶಿರಸಿಯ ವೈದ್ಯರೇ ಕಾಗದ ಬರೆದು ನಮ್ಮನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು.

ಅಲ್ಲಿಯ ಡಾಕ್ಟರು ಮಧ್ಯವಯಸ್ಸಿನ ಹೆಂಗಸು. ರಕ್ತ ಪರೀಕ್ಷೆಯ ಫಲ ಬಂದ ದಿನ ನಮ್ಮನ್ನು ಕೂರಿಸಿ ತಿಳಿಯುವಂತೆ ಹೇಳಿದರು. ಎಲ್ಲರ ರಕ್ತದಲ್ಲೂ ಕಾವಲಿನ ಬಿಳಿ ಕಣಗಳಿರುತ್ತವೆ; ಬೂಷ್ಟಿನ ಬೀಜವೋ ಕ್ರಿಮಿಯೋ ಒಳಗೆ ಬಂದರೆ ಹಿಡಿದು ನುಂಗಿ ಕೊಲ್ಲುತ್ತವೆ. ನನ್ನ ತಮ್ಮನ ಕಣಗಳು ಹಿಡಿಯುತ್ತವೆ, ನುಂಗುತ್ತವೆ, ಆದರೆ ಕೊಲ್ಲಲಾರವು. ಕಾವಲುಗಾರನ ಕೈಯಲ್ಲಿ ಕೋವಿಯಿದೆ, ಕೋವಿಯಲ್ಲಿ ಮದ್ದಿಲ್ಲ ಎಂದರು. ತಮ್ಮ ಕೂಡಲೇ, "ಹಂಗಾರೆ ಸುಮ್ನೆ ಹೆದರ್ಸೂದು ಮಾತ್ರ," ಎಂದ. ಡಾಕ್ಟರು ನಕ್ಕರು. ಆಮೇಲೆ ಅವನನ್ನು ಹೊರಗೆ ಕಳುಹಿಸಿ, ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವ ದೋಷವೆಂದೂ, ತಾಯಿಯ ತವರಿನಲ್ಲಿ ಚಿಕ್ಕಂದಿನಲ್ಲಿ ಸತ್ತ ಗಂಡುಮಕ್ಕಳ ವಿವರವನ್ನು ಕೇಳಿ ಬರೆದುಕೊಂಡು ಬರಬೇಕೆಂದೂ ನನಗೆ ಸೂಚಿಸಿದರು. ಅವ್ವ ಪಕ್ಕದಲ್ಲೇ ಕೂತಿದ್ದಳು. ಆ ಮಾತು ಕೇಳಿ ಸೆರಗನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

ಸದರಿ ಸೂಚನೆಯಂತೆ ನಾನು ಒಂದು ಭಾನುವಾರ ಶಿರಸಿ ಮೇಲಿಂದ ಯಲ್ಲಾಪುರದ ಬಸ್ಸು ಹಿಡಿದು ಅಜ್ಜಿಯ ಮನೆಗೆ ಹೋದೆ. ಅಜ್ಜಿಗೆ ಕಣ್ಣು ಮಂಜಾಗಿತ್ತು, ನೆನಪು ಮಂಜಾಗಿರಲಿಲ್ಲ. ನಾನು ಕಾಗದದಲ್ಲಿ ಹೆಣ್ಣಿಗೆ ಸುತ್ತು, ಗಂಡಿಗೆ ಚೌಕ ಬರೆಯುತ್ತ ಹೋದೆ. ಡಾಕ್ಟರು ಹಾಗೆ ಬರೆಯಲು ಹೇಳಿಕೊಟ್ಟಿದ್ದರು. ಸತ್ತವರ ಚೌಕಕ್ಕೆ ಅಡ್ಡಗೆರೆ ಹಾಕಬೇಕು. ಅಜ್ಜಿಯ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಗಂಡುಮಕ್ಕಳು, ಅಜ್ಜಿಯ ಅಕ್ಕನ ಒಬ್ಬ ಮಗ, ಅಜ್ಜಿಯ ಬೆನ್ನಿಗೆ ಹುಟ್ಟಿದ ತಮ್ಮ. ನಾಲ್ಕು ಚೌಕಕ್ಕೂ ಅಡ್ಡಗೆರೆ ಬಿತ್ತು. ಒಬ್ಬನಿಗೆ ಕುರು, ಒಬ್ಬನಿಗೆ ಕೆಮ್ಮು, ಇಬ್ಬರಿಗೆ ಬರೀ ಜ್ವರ.

ಅಜ್ಜಿ ಎಲೆಯ ತೊಟ್ಟು ಮುರಿಯುತ್ತ, "ನಮ್ಮನೇಲಿ ಗಂಡು ನಿಲ್ಲೂದಿಲ್ಲ ಅಂತ ಊರಿಗೇ ಗೊತ್ತಿತ್ತು ಮಗಾ. ಬೆಂಗ್ಳೂರು ಡಾಕ್ಟ್ರಿಗೆ ಈಗ ಗೊತ್ತಾತಾ?" ಎಂದಳು.

ಮತ್ತೆ ಅವಳೇ, "ನಿಮ್ಮವ್ವಂಗೆ ಬೈಬೇಡಿ. ಬೈಯೂದಾದ್ರೆ ನಂಗೆ ಬೈರಿ, ನಾನು ಹೆಂಗೂ ಹೋಗೂಳು," ಎಂದು ಕಾಗದವನ್ನು ಕೈಯಲ್ಲಿ ಹಿಡಿದು, ಕಣ್ಣಿಗೆ ಕಾಣದಿದ್ದರೂ, ಆ ನಾಲ್ಕು ಚೌಕಗಳ ಮೇಲೆ ಬೆರಳಾಡಿಸಿದಳು.

ಕಾಗದವನ್ನು ನೋಡಿದ ಡಾಕ್ಟರು ತಮ್ಮ ಊಹೆ ಖಚಿತವಾಯಿತೆಂದರು. ಎರಡು ದಾರಿಗಳಿದ್ದವು. ಒಂದು, ಬದುಕಿರುವಷ್ಟು ಕಾಲ ದಿನವೂ ಮಾತ್ರೆ ನುಂಗುತ್ತ, ಧೂಳು, ಗೊಬ್ಬರ, ಹುಲ್ಲು, ಒಣ ಎಲೆ ಇವುಗಳಿಂದ ದೂರವಿರುವುದು. ಹಾಗಿದ್ದರೂ ಯಾವಾಗ ಏನಾಗುವುದೆಂದು ಹೇಳಲಾಗದು. ಇನ್ನೊಂದು ಕಸಿ. ಇವನ ಮೂಳೆಯೊಳಗಿನ ಮಜ್ಜೆಯನ್ನು ಬಲವಾದ ಔಷಧಿಯಿಂದ ಖಾಲಿ ಮಾಡಿ, ಹೊಂದುವ ಇನ್ನೊಬ್ಬರ ಮಜ್ಜೆಯ ಕೋಶಗಳನ್ನು ರಕ್ತ ಕೊಟ್ಟಂತೆ ನರದ ಮೂಲಕ ಕೊಡುವುದು. ಅವು ಇವನಲ್ಲಿ ನೆಲೆಯೂರಿದರೆ ಹೊಸ ಕಾವಲು ಹುಟ್ಟುತ್ತದೆ. ಹೊಂದುವ ದಾನಿ ಹೆಚ್ಚಾಗಿ ಸಿಗುವುದು ಒಡಹುಟ್ಟಿದವರಲ್ಲಿ. ಒಡಹುಟ್ಟಿದವಳೆಂದರೆ ನಾನೊಬ್ಬಳೇ.

ನನ್ನ ರಕ್ತ ಪೂರ್ತಿ ಹೊಂದುತ್ತದೆಂದು ಫೋನು ಬಂದಾಗ ನಾನು ಪಂಚಾಯತಿಯಲ್ಲಿ ನೀರಿನ ಕರದ ನೋಟೀಸು ಟೈಪು ಮಾಡುತ್ತಿದ್ದೆ. ಅದೇ ಫೋನಿನಲ್ಲಿ ಇನ್ನೊಂದು ವಿಷಯವನ್ನೂ ತಿಳಿಸಲಾಯಿತು. ಅವ್ವನ ಹಾಗೆ ನನ್ನಲ್ಲಿಯೂ ಆ ದೋಷವಿದೆ. ನನಗೆ ಅದರಿಂದ ತೊಂದರೆಯಿಲ್ಲ, ನನ್ನ ಹೆಚ್ಚಿನ ಕಣಗಳು ಕೆಲಸ ಮಾಡುತ್ತವೆ, ಆದ್ದರಿಂದ ದಾನ ಮಾಡಬಹುದು. ಆದರೆ ಮುಂದೆ ನನಗೆ ಹುಟ್ಟುವ ಗಂಡುಮಕ್ಕಳ ವಿಷಯದಲ್ಲಿ ಮೊದಲೇ ಬಂದು ಮಾತಾಡಬೇಕು. ಎರಡನೆಯ ಭಾಗವನ್ನು ನಾನು ಮನೆಯಲ್ಲಿ ತಿಳಿಸಲಿಲ್ಲ. ಆ ಹೊತ್ತಿನಲ್ಲಿ ನೋಡಲು ಬಂದು ಹೋಗಿದ್ದ ಬನವಾಸಿ ಕಡೆಯ ಒಂದು ಸಂಬಂಧವನ್ನು ಮಾತ್ರ, ಕೆಲಸ ಖಾಯಂ ಆಗಲಿ ಎಂಬ ಕಾರಣ ನೀಡಿ, ನಾನೇ ಬೇಡವೆಂದೆ.

ಮನೆಯಲ್ಲಿ ಆ ದಿನ ಅವ್ವ ಪಾಯಸ ಮಾಡಿದಳು. ತಮ್ಮ ನನ್ನನ್ನು ಗೋಳು ಹೊಯ್ದುಕೊಂಡ.

"ಅಕ್ಕಾ, ನಿನ್ನ ಮಜ್ಜೆ ಹಾಕಿದ ಮೇಲೆ ನಾನೂ ನಿನ್ನಂಗೆ ಮಾತಿಗೆ ಮುಂಚೆ 'ಸದರಿ' ಅಂತ ಹೇಳ್ತ್ನಾ?"

"ಹೇಳ್ತೆ. ಮತ್ತೆ ಶೀತ ಆದ್ರೂ ಅರ್ಜಿ ಬರೀತೆ," ಎಂದೆ.

"ಹಂಗಾರೆ ಬ್ಯಾಡಪ್ಪ. ಅಪ್ಪಂದೇ ಹಾಕ್ಸಿ, ಮರನಾದ್ರೂ ಹತ್ಬಹುದು."

ಅಪ್ಪ ನಗಲಿಲ್ಲ. ಕಸಿ ಎಂಬ ಪದ ಅವನಿಗೆ ಮೊದಲೇ ಗೊತ್ತಿತ್ತು. ಮಿಡಿಮಾವಿನ ಗಿಡಕ್ಕೆ ಕಸಿ ಕಟ್ಟುವುದನ್ನು ಕಂಡವನು, ಕಟ್ಟಿದ್ದೆಲ್ಲ ಹಿಡಿಯುವುದಿಲ್ಲವೆಂದೂ ಕಂಡವನು. ಹತ್ತಕ್ಕೆ ಎಷ್ಟು ಹಿಡಿಯುತ್ತದೆಂದು ಡಾಕ್ಟರನ್ನು ಕೇಳಿದೆಯಾ ಎಂದು ನನ್ನನ್ನು ಎರಡು ಸಲ ವಿಚಾರಿಸಿದ. ಒಡಹುಟ್ಟಿದವರದು ಹೊಂದಿದರೆ ಬಹುಪಾಲು ಹಿಡಿಯುತ್ತದೆ, ಆದರೆ ಮೈಯಲ್ಲಿ ಯಾವ ಬೂಷ್ಟಿನ ಸೋಂಕೂ ಇಲ್ಲದ ಸಮಯ ನೋಡಿ ಮಾಡಬೇಕು ಎಂದಿದ್ದಾರೆಂದು ತಿಳಿಸಿದೆ. ತಮ್ಮನ ಎದೆಯ ಹಳೆಯ ಗಂಟು ಒಂದೂವರೆ ವರ್ಷ ಮಾತ್ರೆ ನುಂಗಿ ಒಣಗಿತ್ತು. ಇದೇ ತಕ್ಕ ಸಮಯವೆಂದು, ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಆಸ್ಪತ್ರೆಯಿಂದ ದಿನ ಗೊತ್ತಾಯಿತು. ಐದು ವಾರ ಬಾಕಿಯಿತ್ತು. ಆ ಐದು ವಾರ ಅವನಿಗೆ ಏನೂ ಆಗದಂತೆ ಕಾಯುವುದೊಂದೇ ನಮ್ಮ ಕೆಲಸವಾಗಿತ್ತು.

ಇನ್ನು ಮುಂದಿನದನ್ನು ಬರೆಯಲು ನಾನು ಈ ನೋಟ್‌ಬುಕ್ಕನ್ನು ಮೂರು ಬಾರಿ ಮುಚ್ಚಿಟ್ಟಿದ್ದೇನೆ.

ಆಸ್ಪತ್ರೆಯವರು ಕಸಿಯಾದ ಮೇಲೆ ಮನೆ ಹೇಗಿರಬೇಕೆಂಬ ಬಗ್ಗೆ ಇಂಗ್ಲಿಷಿನಲ್ಲಿ ಅಚ್ಚಾದ ಸೂಚನಾ ಪತ್ರ ಕೊಟ್ಟಿದ್ದರು. ಎರಡು ಹಾಳೆ, ಎರಡೂ ಬದಿ. ಅಪ್ಪ ಅವ್ವನಿಗೆ ಇಂಗ್ಲಿಷು ಬಾರದಾದ್ದರಿಂದ ಅದನ್ನು ಕನ್ನಡಕ್ಕೆ ತಿರುಗಿಸಿ, ಪಂಚಾಯತಿ ಸುತ್ತೋಲೆಯಂತೆ ಕ್ರಮಸಂಖ್ಯೆ ಕೊಟ್ಟು ಬರೆದು, ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಒಂದು ಪುಟ ಮೀರಿದ ನೋಟೀಸನ್ನು ಯಾರೂ ಓದುವುದಿಲ್ಲ ಎನ್ನುವುದು ಕಚೇರಿಯ ಅನುಭವ. ಆದುದರಿಂದ ಒಂದೇ ಪುಟಕ್ಕೆ ಹಿಡಿಸಿದೆ. ದನ ಕರು ಮನೆಯ ಹತ್ತಿರ ಇರಬಾರದು ಎಂದಿತ್ತು. ಅವ್ವ ಮರುದಿನವೇ ಆಕಳನ್ನು ಯಲ್ಲಾಪುರಕ್ಕೆ ಕಳುಹಿಸಿದಳು. ಒಣ ಎಲೆ, ಹುಲ್ಲು, ಗೊಬ್ಬರ ಇರಬಾರದು ಎಂದಿತ್ತು, ಹಿತ್ತಿಲು ಬಯಲಾಯಿತು. ಏಳನೆಯದು, ಗೋಡೆಗಳಲ್ಲಿ ಬೂಷ್ಟು, ತೇವ, ಕಪ್ಪು ಕಲೆ ಇರಕೂಡದು.

ಮೂಲ ಪತ್ರದಲ್ಲಿ ಆ ಏಳನೆಯ ಸೂಚನೆಯ ಕೆಳಗೆ ಇನ್ನೂ ಎರಡು ಸಾಲುಗಳಿದ್ದವು. ಬೂಷ್ಟು ಕೆರೆಯುವ, ಗೋಡೆ ಒಡೆಯುವ, ನೆಲ ಅಗೆಯುವ ಕೆಲಸವನ್ನು ರೋಗಿಯು ಆ ಮನೆಯಲ್ಲಿ ಇಲ್ಲದಾಗ ಬೇರೆಯವರು ಮಾಡಬೇಕು. ಕೆಲಸ ಮುಗಿದು ಕೆಲವು ವಾರಗಳಾದ ಮೇಲೆ ಮಾತ್ರ ರೋಗಿಯು ಬರಬೇಕು. ನಾನು ಅದನ್ನು ಓದಿದ್ದೆ. ಪುಟ ಸಾಲದೆ ಬಿಟ್ಟೆ. ಕಸಿಯಾದ ಮೇಲಿನ ಮಾತು, ಆಗ ಅವನು ಹೇಗೂ ಬೆಂಗಳೂರಿನಲ್ಲಿರುತ್ತಾನೆ, ಇದನ್ನು ಬರೆಯುವ ಅಗತ್ಯವಿಲ್ಲ ಎಂದು ಭಾವಿಸಿದೆನೆಂಬುದನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಇದು ಸಮರ್ಥನೆಯಲ್ಲ.

ಅಪ್ಪನಿಗೆ ಆ ಹಾಳೆಯನ್ನು ನಾನೇ ಓದಿ ಹೇಳಿದೆ. ಏಳನೆಯದು ಬಂದಾಗ ಅವನು ತಲೆಯೆತ್ತಿದ. ನಮ್ಮ ಬಡಗಣ ಕೋಣೆಯ ಗೋಡೆ ಮಣ್ಣಿನದು, ಸೊಂಟದೆತ್ತರದವರೆಗೆ ವರ್ಷವಿಡೀ ಕಪ್ಪಾಗಿಯೇ ಇರುತ್ತಿತ್ತು. ತಮ್ಮ ಮಲಗುವುದೂ ಅದೇ ಕೋಣೆಯಲ್ಲಿ. ಇದ್ದುದರಲ್ಲಿ ಅಗಲವಾದದ್ದು ಅದೊಂದೇ.

"ಇದು ಶಿಲೀಂಧ್ರನೇ ಅಲ್ದನೇ ತಂಗಿ? ಕೊಳೆ ಬರೂದೂ ಅದ್ರಿಂದನೇ. ಈ ಜಾತಿ ಸಂಗ್ತಿಗೆ ನಂದು ಮೂವತ್ತು ವರ್ಷದ ಜಗಳ," ಎಂದ. ಮಗಳನ್ನು ತಂಗಿ ಎಂದು ಕರೆಯುವುದು ನಮ್ಮ ಸೀಮೆಯ ರೂಢಿ. ಒಡಹುಟ್ಟಿದವಳ ಪಾಲಿಗೆ ಮಜ್ಜೆ ಕೊಡುವ ಕೆಲಸ ಬಂದಿತ್ತು, ಅವ್ವ ಆಕಳನ್ನು ಬಿಟ್ಟುಕೊಟ್ಟಿದ್ದಳು. ತನ್ನ ಪಾಲಿಗೂ ಒಂದು ಕೆಲಸ ಬಂತೆಂಬ ಸಮಾಧಾನ ಅವನ ಮುಖದಲ್ಲಿತ್ತು. ಅದನ್ನು ನಾನು ಈಗಲೂ ಕಾಣುತ್ತೇನೆ.

ಅವನೂ ನಮ್ಮೊಡನೆ ಬೆಂಗಳೂರಿಗೆ ಬರುವವನಾದ್ದರಿಂದ ಹೊರಡುವ ಮುಂಚೆಯೇ ಕೆಲಸ ಮುಗಿಸಬೇಕೆಂದು ಹೊರಟ. ಕೊಯ್ಲು ಮುಗಿದು ಕೈ ಖಾಲಿಯಿತ್ತು. ಮೊದಲು ಮೂರು ದಿನ ಕತ್ತಿಯಿಂದಲೂ ತೆಂಗಿನ ಚಿಪ್ಪಿನಿಂದಲೂ ಗೋಡೆ ಕೆರೆದ. ಕಪ್ಪು ಪುಡಿ ನೆಲದ ಮೇಲೆ ರಾಶಿಯಾಯಿತು. ಆಮೇಲೆ ಗಟ್ಟಿ ಕಸಬರಿಗೆಯಿಂದ ಉಜ್ಜಿದ. ಬಳಿಕ ಅಂಗಳದಲ್ಲಿ ಡ್ರಮ್ಮು ಇಟ್ಟು, ಮೈಲುತುತ್ತ ಒಂದು ಕಡೆ, ಸುಣ್ಣ ಒಂದು ಕಡೆ ಕದಡಿ, ಎರಡನ್ನೂ ಸೇರಿಸಿ, ಮರಕ್ಕೆ ಹೊಡೆಯುವ ಅದೇ ಮದ್ದನ್ನು ತಯಾರಿಸಿದ. ಹದ ನೋಡಲು ಕತ್ತಿಯ ಅಲಗನ್ನು ಅದ್ದಿ ಎತ್ತಿ, ಅಲಗು ಕೆಂಪಾಗಲಿಲ್ಲವೆಂದು ತೋರಿಸಿದ. ಕೆಂಪಾದರೆ ಸುಣ್ಣ ಸಾಲದು, ಮದ್ದು ಎಲೆಯನ್ನು ಸುಡುತ್ತದೆ. ಗೋಡೆಗೆ ಎಲೆಯಿಲ್ಲವಲ್ಲ ಎಂದು ತಮ್ಮ ಕೇಳಿದ್ದಕ್ಕೆ, ಹದ ಅಂದ್ರೆ ಹದವೇ ಎಂದ.

ತಮ್ಮ ಈ ಎಲ್ಲ ದಿನ ಬಾಗಿಲ ಹೊಸ್ತಿಲ ಮೇಲೆ ಕೂತಿದ್ದ. ಶಾಲೆ ಬಿಡಿಸಿದ್ದೆವು, ಅಂಗಳಕ್ಕೆ ಇಳಿಯಬೇಡವೆಂದಿದ್ದೆವು, ಅಕ್ಕಪಕ್ಕದ ಮಕ್ಕಳನ್ನು ಬರಗೊಟ್ಟಿರಲಿಲ್ಲ. ಮನೆಯೊಳಗೆ ನೋಡಲು ಅವನಿಗೆ ಇದೊಂದೇ ಇತ್ತು. ಮೂಗಿಗೆ ಮಾಸ್ಕು ಹಾಕಿಸಿದ್ದೆ. ಶೆಖೆಗೆ ಅದು ಗದ್ದಕ್ಕೆ ಇಳಿದಿತ್ತು. ಕೆರೆದ ಗೋಡೆಯ ಮೇಲೆ ಉಳಿದ ಕಲೆಗಳನ್ನು ನೋಡಿ, ಅಪ್ಪಾ ಅಲ್ಲಿ ಒಂದು ಗೋವಾ ಉಳಿದದೆ, ಅಲ್ಲಿ ಶ್ರೀಲಂಕಾ ಉಳಿದದೆ ಎಂದು ನಕಾಶೆ ಓದುತ್ತಿದ್ದ. ಅಪ್ಪ ಅವನ ಮಾತಿನಂತೆ ಶ್ರೀಲಂಕೆಯನ್ನು ಕೆರೆಯುತ್ತಿದ್ದ. ನಾನು ಸಂಜೆ ಕಚೇರಿಯಿಂದ ಬಂದು ನೀಲಿಯಾದ ಗೋಡೆ ನೋಡಿ ಬಹಳ ಚೆನ್ನಾಗಿದೆ ಎಂದೆ. ಫೋಟೋ ತೆಗೆದು ಆಸ್ಪತ್ರೆಗೆ ತೋರಿಸಲೆಂದು ಇಟ್ಟುಕೊಂಡೆ.

ಗೋಡೆ ಕೆರೆಯತೊಡಗಿದ ಹನ್ನೊಂದನೆಯ ದಿನ ತಮ್ಮನಿಗೆ ಜ್ವರ ಬಂತು. ಹದಿಮೂರನೆಯ ದಿನ ಉಸಿರು ಎಳೆಯತೊಡಗಿದ. ಶಿರಸಿಯಲ್ಲಿ ಆಮ್ಲಜನಕ ಕೊಟ್ಟು, ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳುಹಿಸಿದರು. ಕಸಿಗೆ ಗೊತ್ತಾಗಿದ್ದ ದಿನಕ್ಕಿಂತ ಹದಿನೈದು ದಿನ ಮುಂಚೆ ನಾವು ಅದೇ ಆಸ್ಪತ್ರೆಗೆ, ಬೇರೆ ಮಹಡಿಗೆ ಸೇರಿದೆವು.

ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶಗಳ ತುಂಬ ಹಿಟ್ಟು ಚೆಲ್ಲಿದಂತೆ ಬಿಳಿ ಚುಕ್ಕೆಗಳಿದ್ದವು. ಡಾಕ್ಟರು ಅಪ್ಪ ಅವ್ವನನ್ನು ತಮ್ಮನ ಹತ್ತಿರ ಬಿಟ್ಟು ನನ್ನನ್ನು ಒಳಗೆ ಕರೆದು, ಈಚಿನ ವಾರಗಳಲ್ಲಿ ಇವನು ಒಣ ಎಲೆಯಲ್ಲಿ ಆಡಿದ್ದನೇ, ಹುಲ್ಲಿನ ಬಣವೆಯ ಹತ್ತಿರ ಹೋಗಿದ್ದನೇ, ಧಾನ್ಯದ ಚೀಲ ಕೊಡವಿದ್ದಾರೆಯೇ ಎಂದು ಕೇಳಿದರು. ಎಲ್ಲದಕ್ಕೂ ಇಲ್ಲ ಎಂದೆ. ಮನೆಯಲ್ಲಿ ಅಗೆಯುವ, ಕೆಡಹುವ, ಕೆರೆಯುವ ಕೆಲಸವೇನಾದರೂ ನಡೆಯಿತೇ ಎಂದರು.

ಆಗ ನನಗೆ ಆ ಎರಡು ಸಾಲುಗಳು, ಅಚ್ಚಾದ ಅಕ್ಷರಗಳ ಸಮೇತ, ಹಾಳೆಯ ಯಾವ ಬದಿಯ ಯಾವ ಮೂಲೆಯಲ್ಲಿದ್ದವೆಂಬುದರ ಸಮೇತ ನೆನಪಾದವು. ನಾನು ನೀಲಿ ಗೋಡೆಯ ಫೋಟೋವಿದ್ದ ಫೋನನ್ನು ಮೇಜಿನ ಮೇಲಿಟ್ಟೆ. ಡಾಕ್ಟರು ಬಹಳ ಹೊತ್ತು ನೋಡಿದರು. ಈ ನೀಲಿ ಮದ್ದು ಹೊಡೆಯುವ ಮೊದಲು ಎಷ್ಟು ದಿನ ಕೆರೆದರು ಎಂದರು. ಮೂರು ದಿನ ಎಂದೆ. ಹುಡುಗ ಎಲ್ಲಿದ್ದ ಎಂದರು. ಅದಕ್ಕೂ ನಿಜವನ್ನೇ ಹೇಳಿದೆ.

"ಇದನ್ನ ಅಪ್ಪನಿಗೆ ಹೇಳ್ಬೇಡಿ," ಎಂದರು. "ಕೆರೆದಾಗ ಬೂಷ್ಟಿನ ಬೀಜ ಏಳುತ್ತೆ, ನಿಜ. ಆದ್ರೆ ಅದು ಹೊರಗಿನ ಗಾಳಿಯಲ್ಲೂ ಇರುತ್ತೆ. ಬೇರೆ ಕಡೆಯಿಂದ ಬಂದಿರಲಾರದು ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ."

ಅವರು ಕಡೆಯ ವಾಕ್ಯವನ್ನು ನನಗಾಗಿ ಹೇಳಿದರೆಂದು ತಿಳಿದೆ. ಆದರೂ ಸಹಿ ಮಾಡಿದ ದಾಖಲೆಯಂತೆ ಅದನ್ನು ಇಟ್ಟುಕೊಳ್ಳಲು ನನ್ನಿಂದ ಆಗಿಲ್ಲ.

ಕಸಿಯ ದಿನವನ್ನು ಮುಂದೂಡಿದರು. ಸೋಂಕು ಹಿಡಿತಕ್ಕೆ ಬಂದರೆ ಎರಡು ತಿಂಗಳ ಮೇಲೆ ನೋಡೋಣ ಎಂದರು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದೆವು. ನಾನು ರಜೆ ಮುಗಿದು ವೇತನವಿಲ್ಲದ ರಜೆಗೆ ಅರ್ಜಿ ಕೊಟ್ಟೆ. ಚುಚ್ಚುಮದ್ದಿನಿಂದ ತಮ್ಮನ ಕಣ್ಣಿಗೆ ಬೆಳಕು ಚುಚ್ಚುತ್ತಿತ್ತು, ಬಣ್ಣಗಳು ಬೇರೆಯಾಗಿ ಕಾಣುತ್ತಿದ್ದವು. ನರ್ಸಮ್ಮನವರಿಗೆ ನಿಮ್ಮ ಬಿಳಿ ಸೀರೆ ನನಗೆ ಹಳದಿ ಕಾಣುತ್ತದೆ, ಮದುವೆಗೆ ಹೊರಟಿರಾ ಎಂದು ಕೇಳಿ ಅವರನ್ನು ನಗಿಸಿದ್ದ. ಉಸಿರು ಸ್ವಲ್ಪ ಸುಧಾರಿಸಿತು. ಜ್ವರ ಇಳಿಯಿತು. ಅವ್ವ ಹರಕೆಗಳನ್ನು ಲೆಕ್ಕ ಹಾಕತೊಡಗಿದಳು. ನಾನು ದಾನಿಯ ತಪಾಸಣೆಗೆ ಮತ್ತೆ ರಕ್ತ ಕೊಟ್ಟೆ, ಎದೆಯ ಚಿತ್ರ ತೆಗೆಸಿದೆ, ಒಪ್ಪಿಗೆ ಪತ್ರಕ್ಕೆ ಆರು ಕಡೆ ಸಹಿ ಮಾಡಿದೆ. ಅಂಥ ಸಹಿಗಳನ್ನು ಮಾಡುವಾಗ ನನ್ನ ಅಕ್ಷರ ಚೆನ್ನಾಗಿಯೇ ಬಂದಿತ್ತು.

ಮಳೆ ಹತ್ತಿರವಾದಾಗ ತೋಟದವರು ಕರೆದರೆಂದು ಅಪ್ಪ ಊರಿಗೆ ಹೋದ. ವರ್ಷಕ್ಕೊಮ್ಮೆಯ ಕೆಲಸ, ಅವನು ಹೊಡೆಯದಿದ್ದರೆ ಬೇರೆಯವರು ಸಿಗುವುದು ಕಷ್ಟ. ಎಂಟು ದಿನದ ಮೇಲೆ ಫೋನು ಮಾಡಿ, ತೋಟದ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಡಗಣ ಗೋಡೆಯನ್ನು ಇನ್ನೊಮ್ಮೆ ಕೆರೆದು ಇನ್ನೊಂದು ಸಲ ಮದ್ದು ಹೊಡೆದೆನೆಂದು ತಿಳಿಸಿದ. ಈ ಸಲ ಮೈಲುತುತ್ತ ಸ್ವಲ್ಪ ಜಾಸ್ತಿ ಹಾಕಿದ್ದಾನಂತೆ. ತಮ್ಮ ಬರುವಷ್ಟರಲ್ಲಿ ವಾಸನೆಯೂ ಹೋಗಿರುತ್ತದಂತೆ. ನಾನು ಆಯಿತು ಅಪ್ಪ ಎಂದೆ.

ಎರಡು ತಿಂಗಳು ತುಂಬುವ ಹೊತ್ತಿಗೆ ತಮ್ಮನಿಗೆ ಬೆನ್ನಿನ ಬಲಭಾಗದಲ್ಲಿ ನೋವು ಶುರುವಾಯಿತು. ಬೂಷ್ಟು ಶ್ವಾಸಕೋಶದಿಂದ ಪಕ್ಕೆಲುಬಿಗೆ, ಅಲ್ಲಿಂದ ಬೆನ್ನುಮೂಳೆಗೆ ಹಬ್ಬಿತ್ತು. ಈ ರೋಗದಲ್ಲಿ ಮಾತ್ರ ಕಾಣುವ ಹಠಮಾರಿ ಜಾತಿಯೊಂದಿದೆ, ಮೊದಲಿನ ಔಷಧಿಗೆ ಬಗ್ಗುವುದಿಲ್ಲ ಎಂದರು. ಔಷಧಿ ಬದಲಾಯಿತು. ಒಂದು ಪಕ್ಕೆಲುಬನ್ನು ತೆಗೆದರು. ಬೇರೆಯವರ ಬಿಳಿ ಕಣಗಳನ್ನು ತಂದು ಏರಿಸಿದರು. ಅವು ಒಂದೆರಡು ದಿನ ಕಾವಲು ನಿಂತು ಮುಗಿದುಹೋಗುತ್ತಿದ್ದವು. ಅದರ ಬದಲು ನನ್ನ ಮಜ್ಜೆಯನ್ನೇ ಈಗಲೇ ಕೊಡಬಾರದೇ ಎಂದು ನಾನು ಲಿಖಿತವಾಗಿ ಕೇಳಿದೆ. ಒಂದು ಪುಟದ ಮನವಿ ಬರೆದು ಡಾಕ್ಟರ ಮೇಜಿನ ಮೇಲಿಟ್ಟೆ.

ಅವರು ಬೇರೆ ಡಾಕ್ಟರುಗಳನ್ನೂ ಸೇರಿಸಿ ಸಭೆ ಮಾಡಿದರು. ಸಭೆಯ ನಿರ್ಣಯವನ್ನು ತಾವೇ ಬಂದು, ನಮ್ಮ ಕೋಣೆಯ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ತಿಳಿಸಿದರು. ಹೊಸದು ನೆಲೆಯೂರಬೇಕಾದರೆ ಹಳೆಯದನ್ನು ಖಾಲಿ ಮಾಡಬೇಕು. ಖಾಲಿ ಮಾಡುವ ಔಷಧಿಯನ್ನು ಈ ಮೈ ತಡೆದುಕೊಳ್ಳುವುದಿಲ್ಲ. ತಡೆದುಕೊಂಡರೂ, ಕಾವಲೇ ಇಲ್ಲದ ಆ ಮೂರು ವಾರದಲ್ಲಿ ಬೂಷ್ಟು ಮೆದುಳಿಗೆ ಏರುತ್ತದೆ. ಮೊದಲು ಗೊತ್ತಾಗಿದ್ದ ದಿನದಲ್ಲೇ ಆಗಿದ್ದರೆ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಕಸಿಯನ್ನು ಕೈಬಿಡಲಾಯಿತು.

ಊರಿಗೆ ಕರೆದುಕೊಂಡು ಬಂದೆವು. ಅವನನ್ನು ಬಡಗಣ ಕೋಣೆಯಲ್ಲಿಯೇ ಮಲಗಿಸಬೇಕೆಂದು ಅಪ್ಪ ಹಟ ಹಿಡಿದ, ಇಡೀ ತಾಲೂಕಿನಲ್ಲಿ ಇಷ್ಟು ಶುದ್ಧವಾದ ಕೋಣೆ ಇನ್ನೊಂದಿಲ್ಲವೆಂದು. ನಾನು ಬೇಡವೆನ್ನಲು ಕಾರಣ ಹೇಳಬೇಕಾಗುತ್ತಿತ್ತು. ಹೇಳಲಿಲ್ಲ. ಆ ಹೊತ್ತಿಗೆ ಅದರಿಂದ ವ್ಯತ್ಯಾಸವೂ ಇರಲಿಲ್ಲ. ತಮ್ಮ ಒಮ್ಮೆ ನನ್ನನ್ನು ಹತ್ತಿರ ಕರೆದು, "ಅಕ್ಕಾ, ಕಸಿ ಇಲ್ಲ ಅಂತ ಬರ್ದು ಕೊಟ್ರಾ, ಬಾಯಲ್ಲಿ ಹೇಳಿದ್ರಾ?" ಎಂದು ಕೇಳಿದ.

"ಬಾಯಲ್ಲಿ."

"ಹಂಗಾರೆ ಅದು ಖಾಯಂ ಅಲ್ಲ. ನೀನೇ ಹೇಳ್ತೆ, ಬರವಣಿಗೇಲಿ ಇಲ್ದಿದ್ರೆ ಲೆಕ್ಕಕ್ಕಿಲ್ಲ ಅಂತ."

ಹೌದು ಎಂದೆ. ದೀಪಾವಳಿಗೆ ಒಂದು ವಾರವಿರುವಾಗ, ಶಿರಸಿಯ ಆಸ್ಪತ್ರೆಯಲ್ಲಿ, ಮಧ್ಯಾಹ್ನದ ಊಟದ ಗಂಟೆಗೆ ಅವನು ತೀರಿಕೊಂಡ. ಹನ್ನೆರಡು ವರ್ಷ ಎರಡು ತಿಂಗಳು. ಮರಣ ನೋಂದಣಿಯ ನಮೂನೆಯನ್ನು ನಾನೇ ತುಂಬಿದೆ. ಕಾರಣ ಎಂಬ ಕಲಮಿನ ಎದುರು ಆಸ್ಪತ್ರೆಯವರು ಕೊಟ್ಟ ಪದಗಳನ್ನು ನೋಡಿ ಬರೆದೆ.

ಆರು ವಾರಗಳ ಮೇಲೆ ಒಂದು ಸಂಜೆ ಸಿದ್ದಾಪುರದಿಂದ ಮನೆಗೆ ಬರುವ ಬಸ್ಸಿನಲ್ಲಿ ಅಪ್ಪನೂ ನಾನೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಅವನು ಯಾರದೋ ತೋಟದ ಕೊಯ್ಲಿನ ಮಾತುಕತೆಗೆಂದು ಪೇಟೆಗೆ ಬಂದಿದ್ದ. ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದ.

"ಆ ದಿನ ಡಾಕ್ಟ್ರು ನಿನ್ನೊಬ್ಬಳನ್ನೇ ಒಳಗೆ ಕರ್ದು ಎಂತ ಕೇಳಿದ್ರು ತಂಗಿ?"

"ಊಟ ತಿಂಡಿ ವಿಷಯ ಕೇಳಿದ್ರು ಅಪ್ಪ."

"ಗೋಡೆ ವಿಷಯ?"

"ಕೇಳ್ಲಿಲ್ಲ."

ಬಸ್ಸು ಎರಡು ತಿರುವು ದಾಟಿತು. ಅವನಿಗೆ ತಿಳಿದಿದೆಯೇ ಎಂದು ನನಗೆ ಭಯವಾಯಿತು. ಆಮೇಲೆ ತಗ್ಗಿದ ದನಿಯಲ್ಲಿ, "ಕೇಳಿದ್ರೆ ಹೇಳ್ಬಿಡು, ನಾನೇ ಒಂದು ಸಲ ಮದ್ದು ಕಡ್ಮೆ ಹೊಡ್ದದ್ದು ಅಂತ. ಮೊದಲ್ನೇ ಸಲವೇ ಎರಡು ಕೈ ಹೊಡೀಬೇಕಿತ್ತು. ಮರಕ್ಕಾದ್ರೆ ಹೊಡೀತಿದ್ದೆ," ಎಂದ.

ಅಲ್ಲ ಅಪ್ಪ, ಮದ್ದು ಸರಿಯಾಗಿತ್ತು, ಹದವೂ ಸರಿಯಾಗಿತ್ತು ಎಂದೆ. ಅದು ಸುಳ್ಳಲ್ಲ. ಕೆರೆದದ್ದು ತಪ್ಪೆಂದು ಹೇಳಿದ್ದರೆ ಅವನ ತಪ್ಪು ಬೇರೆಯಾಗುತ್ತಿತ್ತು, ಹಗುರವಾಗುತ್ತಿರಲಿಲ್ಲ. ಗೋಡೆಯಲ್ಲಿ ಬೂಷ್ಟು ಇರಕೂಡದೆಂದು ಓದಿ ಹೇಳಿದವಳು ನಾನು, ಎರಡು ಸಾಲು ಬಿಟ್ಟವಳು ನಾನು ಎಂದು ಹೇಳಿದ್ದರೆ, ಇದ್ದ ಒಬ್ಬ ಮಗಳ ಮುಖವನ್ನು ಅವನು ಹೇಗೆ ನೋಡಬೇಕಿತ್ತೋ ನನಗೆ ಗೊತ್ತಿಲ್ಲ. ಆದುದರಿಂದ ಮದ್ದು ಕಡಿಮೆಯಾಯಿತೆಂಬ ನಂಬಿಕೆಯನ್ನು ಅವನ ಬಳಿಯೇ ಉಳಿಸಿದ್ದೇನೆ. ನಮ್ಮ ನಿಲ್ದಾಣ ಬಂತು, ಇಳಿದೆವು. ಅವನು ಮುಂದೆ ನಡೆದ, ನಾನು ಹಿಂದೆ ನಡೆದೆ.

ನನ್ನ ಮಜ್ಜೆ ನನ್ನಲ್ಲಿಯೇ ಇದೆ. ಬೇರೆ ರೋಗಿಗಳಿಗೆ ದಾನಿಯಾಗಿ ಹೆಸರು ಬರೆಸಬಹುದೇ ಎಂದು ವಿಚಾರಿಸಿದೆ. ದೋಷವಿರುವುದರಿಂದ ಹೊರಗಿನವರಿಗೆ ಕೊಡುವಂತಿಲ್ಲವೆಂದು ತಿಳಿಸಿದರು. ಅದು ಒಬ್ಬನಿಗೆ ಮಾತ್ರ ಸಲ್ಲುವಂಥದ್ದಾಗಿತ್ತು.

ಕೊನೆಯದಾಗಿ ಒಂದು ವಿನಂತಿ. ಮೇಲೆ ಬರೆದುದರಲ್ಲಿ ರೋಗದ ವಿವರಣೆಯಲ್ಲಾಗಲಿ, ಕಾಗುಣಿತದಲ್ಲಾಗಲಿ, ವಾಕ್ಯಗಳಲ್ಲಾಗಲಿ ತಪ್ಪುಗಳು ಕಂಡುಬಂದಲ್ಲಿ, ಬಲ್ಲವರು ಕೆಂಪು ಶಾಯಿಯಲ್ಲಿಯೇ ತಿದ್ದಿಕೊಡಬೇಕು. ಎಲ್ಲಿಯಾದರೂ ಒಂದು ಸಾಲು ಬಿಟ್ಟುಹೋಗಿದೆ ಎನ್ನಿಸಿದರೆ ಅದನ್ನು ಅವಶ್ಯವಾಗಿ ಸೇರಿಸಬೇಕು. ಪುಟ ಹೆಚ್ಚಾದರೂ ಅಡ್ಡಿಯಿಲ್ಲ.